ಚಮಚದ ಚಾ

"ಸಾಯೋರ ಬಾಯಿಗೆ ಚಮಚದಲ್ಲಿ ಬಿಟ್ಟಿದ್ದನ್ನ ನಮ್ಮ ಬಾಯಿಗೂ ಬಿಡೋಕೆ ಬಂದ್ಯೇನೋ? ನಾವಿನ್ನೂ ಮಂಚ ಹಿಡಿದಿಲ್ಲ ಕಣೋ!"

ಹೀಗಂದವನು ಪೊವಿಲಾಸ್, ತೌರಾಸನ ಸೋದರಮಾವ. ಅಂದದ್ದು ತೌರಾಸನ ಮನೆಯ ಕೊಟ್ಟಿಗೆಯಲ್ಲೇ, ಬಿಯರ್ ಬಲ್ಲ ಊರ ಗಂಡಸರೆಲ್ಲ ಪೀಪಾಯಿಯ ಸುತ್ತ ನೆರೆದಿದ್ದಾಗ. ಅಷ್ಟಕ್ಕೇ ಬಿಡಲಿಲ್ಲ. ಕೈಯಲ್ಲಿದ್ದ ಮರದ ಲೋಟವನ್ನು ಬೋರಲು ಮಾಡಿದ. ಬಿಯರು ಮಣ್ಣಿನ ನೆಲದ ಮೇಲೆ ಬಿದ್ದು ಅವನ ಬೂಟಿನ ತನಕ ಹರಿಯಿತು. ನೊರೆ ಒಂದಿಷ್ಟು ಹೊತ್ತು ನಿಂತಿತ್ತು, ಆಮೇಲೆ ಅದೂ ಇಂಗಿತು.

ಹೊಸ ಪೀಪಾಯಿ ತೆರೆದಾಗ ಹಿರಿಯನಾದವನು ಮೊದಲು ನಾಲ್ಕು ಹನಿ ನೆಲಕ್ಕೆ ಬಿಡುತ್ತಾನೆ. ಅದು ನೆಲದ ಪಾಲು. ಆಮೇಲೆ ತಾನೊಂದು ಗುಟುಕು ಕುಡಿದು, ಪಕ್ಕದವನನ್ನು ಹೆಸರು ಹಿಡಿದು ಕರೆದು ಲೋಟ ದಾಟಿಸುತ್ತಾನೆ. ಲೋಟ ದಾಟಿತೆಂದರೆ ಆ ಬಿಯರನ್ನು ಮೇಜಿಗೆ ಇಡಬಹುದು ಎಂದು ಅರ್ಥ. ಬಿಯರು ಸಪ್ಪೆಯಾದರೂ, ಕೊಂಚ ಹುಳಿಯಾದರೂ ಮುಖ ಕಿವುಚಿಕೊಂಡು ದಾಟಿಸಿಬಿಡುತ್ತಾರೆ. ಮಾಡಿದವನ ಮರ್ಯಾದೆ ಅಂತ ಒಂದಿರುತ್ತದಲ್ಲ. ಇಡೀ ಲೋಟವನ್ನು ನೆಲಕ್ಕೆ ಸುರಿದದ್ದನ್ನು ಅಲ್ಲಿದ್ದವರಲ್ಲಿ ಯಾರೂ ಯಾವತ್ತೂ ಕಂಡಿರಲಿಲ್ಲ.

ಯಾರೋ ಕೆಮ್ಮಿದರು. ಪಕ್ಕದ ಮನೆಯ ಕಜೀಸ್, ಎಲ್ಲಿ ಮೌನ ಬಿದ್ದರೂ ಅಲ್ಲೊಂದು ಕುಚೋದ್ಯ ಹಾಕುವ ಮನುಷ್ಯ, ಪೀಪಾಯಿಯ ನಳಿಗೆಗೆ ಬೆರಳೊಡ್ಡಿ ನೆಕ್ಕಿದ.

"ಹಂಗೇನಿಲ್ಲಪ್ಪ. ನಾಲ್ಗೆ ಮೇಲೆ ಹಳೇ ಬೂಟು ಇಟ್ಕೊಂಡಂಗೆ ಆಗುತ್ತೆ, ಅಷ್ಟೇ. ಆದ್ರೆ ಒಳ್ಳೇ ಕಂಪ್ನಿ ಬೂಟು."

ಗಂಡಸರು ನಕ್ಕರು. ತೌರಾಸ್ ನಗಲಿಲ್ಲ. ಅವನಿಗೆ ಕೇಳಿಸಿದ್ದು ಬೂಟಿನ ಮಾತಲ್ಲ, ಚಮಚದ ಮಾತು.

"ಎಲ್ವಿರಾಳ ವರ್ಷದ ಊಟಕ್ಕೆ ಇದನ್ನ ಇಟ್ಟೆ ಅಂದ್ರೆ ನಾನು ಮೇಜಿಗೆ ಬರಲ್ಲ, ಈಗ್ಲೇ ಹೇಳಿದ್ದೀನಿ," ಎಂದ ಪೊವಿಲಾಸ್. "ನಮ್ಮಪ್ಪ ಮಾಡ್ತಿದ್ದ ಬಿಯರು ಇದು. ಬಾರ್ಲಿ, ಹಾಪ್ಸ್ ಹೂವು, ನೀರು. ಮುಗೀತು. ಸೊಪ್ಪು ಸದೆ ಹಾಕೋಕೆ ಇದೇನು ದನದ ಮುಸುರೆನಾ?"

ಟೋಪಿ ಹಾಕಿಕೊಂಡು ಹೊರಟ. ಉಳಿದವರು ತೌರಾಸನ ಬೆನ್ನಿಗೊಂದೊಂದು ತಟ್ಟಿ ಹಿಂಬಾಲಿಸಿದರು.

ಎಲ್ವಿರಾ ತೌರಾಸನ ತಾಯಿ, ಪೊವಿಲಾಸನ ತಂಗಿ. ಅವಳು ಸತ್ತು ಹೆಚ್ಚೂಕಡಿಮೆ ವರ್ಷವಾಗಿತ್ತು. ವರ್ಷ ತುಂಬಿದ ದಿನ ಚರ್ಚಿನಲ್ಲಿ ಪೂಜೆ, ಸಮಾಧಿಯ ಮೇಲೆ ದೀಪ, ಆಮೇಲೆ ಮನೆಯಲ್ಲಿ ಊಟ. ಆ ಮೇಜಿನ ಮೇಲೆ ಅಂಗಡಿ ಬಿಯರ್ ಇಡುವ ಮಗ ಮನೆಮನೆಯಲ್ಲೂ ಬಿಯರ್ ಮಾಡುವ ಬಿರ್ಜಾಯ್ ಕಡೆಯ ಹಳ್ಳಿಗಳಲ್ಲಿ ತಲೆಯೆತ್ತಿ ಓಡಾಡಲಾರ. ತಾಯಿಯ ಕಡೆಯ ಹಿರಿಯ ಬಂದು ಮೊದಲ ಲೋಟ ಕುಡಿಯದೆ ಊಟಕ್ಕೆ ಯಾರೂ ಕೈ ಹಾಕುವಂತಿಲ್ಲ. ಎಲ್ವಿರಾಳ ಕಡೆಗೆ ಉಳಿದಿದ್ದ ಹಿರಿಯ ಪೊವಿಲಾಸ್ ಒಬ್ಬನೇ.

ಬಿಯರಿಗೆ ಚಾ ಹಾಕುವ ಯೋಚನೆ ತೌರಾಸನಿಗೆ ಬಂದದ್ದು ಅಡುಗೆಮನೆಯ ತಗಡಿನ ಡಬ್ಬಿಯಿಂದ. ಕಾಡು ಸುಟ್ಟ ಜಾಗದಲ್ಲಿ ಎಲ್ಲಕ್ಕಿಂತ ಮೊದಲು ತಲೆಯೆತ್ತುವ ಒಂದು ಗಿಡವಿದೆ, ಆಳೆತ್ತರ, ನೇರಳೆ ಹೂವಿನ ಗೊನೆ. ಅದರ ಎಲೆಯನ್ನು ಅವನ ತಾಯಿ ಬೇಸಿಗೆಯಲ್ಲಿ ಕೊಯ್ದು ಬಾಡಿಸಿ, ಅಂಗೈ ನಡುವೆ ಉಜ್ಜಿ ಸುರುಳಿ ಮಾಡಿ, ಒದ್ದೆ ಬಟ್ಟೆ ಮುಚ್ಚಿಡುತ್ತಿದ್ದಳು. ಹಣ್ಣಿನ ವಾಸನೆ ಏಳುವ ತನಕ ಕಾದು, ಬ್ರೆಡ್ಡು ತೆಗೆದ ಒಲೆಯ ಹಬೆಯಲ್ಲಿ ಒಣಗಿಸುತ್ತಿದ್ದಳು. ಅವಳ ಅಂಗೈ ಬೇಸಿಗೆಯಿಡೀ ಕಪ್ಪಗಿರುತ್ತಿತ್ತು. ಊರಿನಲ್ಲಿ ಯಾರಿಗೆ ನೆಗಡಿಯಾದರೂ, ಯಾರ ಮನೆಯಲ್ಲಿ ಜಗಳವಾಗಿ ಹೆಂಗಸೊಬ್ಬಳು ಅತ್ತುಕೊಂಡು ಬಂದರೂ, ಎಲ್ವಿರಾಳ ಕೆಟಲು ಒಲೆಯ ಮೇಲೇರುತ್ತಿತ್ತು. ಡೇರಿಯಲ್ಲಿ ಕ್ಯಾನು ಎತ್ತಿ ಎತ್ತಿ ಸೊಂಟ ಹೋದವಳು. ಗಂಡ ಮಗ ಹುಟ್ಟಿದ ವರ್ಷವೇ ತೀರಿಹೋಗಿದ್ದ. ಬಿಯರ್ ಮಾಡುವ ಕೆಲಸಕ್ಕೆ ಅವಳನ್ನು ಯಾರೂ ಸೇರಿಸಿಕೊಂಡವರಲ್ಲ. ಗಂಡಸರು ಕೊಟ್ಟಿಗೆಯಲ್ಲಿ ಪೀಪಾಯಿಯ ಮುಂದೆ ದೊಡ್ಡ ಮುಖ ಮಾಡಿಕೊಂಡು ನಿಂತಿದ್ದರೆ ಅವಳು ಹೊರಗಿಂದ ನೀರು ಹೊತ್ತು ಹಾಕುತ್ತಿದ್ದಳು.

ಸತ್ತವಳ ಡಬ್ಬಿಯಲ್ಲಿ ಇನ್ನೂ ಚಾ ಇತ್ತು. ಅವಳೇ ಉಜ್ಜಿದ್ದು. ತೌರಾಸ್ ವರ್ಷವಿಡೀ ಅದನ್ನು ಮುಟ್ಟಿರಲಿಲ್ಲ. ಮರದ ಮಿಲ್ಲಿನ ಕೆಲಸದಿಂದ ಬಂದು ಮುಚ್ಚಳ ತೆರೆಯುವುದು, ಮೂಸುವುದು, ಮುಚ್ಚುವುದು. ಅವಳ ಊಟದ ದಿನ ಊರೆಲ್ಲ ಒಂದೊಂದು ಗುಟುಕು ಇದನ್ನು ಕುಡಿಯಲಿ, ಆಮೇಲೆ ಡಬ್ಬಿ ಖಾಲಿಯಾದರೂ ಪರವಾಗಿಲ್ಲ ಎಂದುಕೊಂಡ. ಅವನಿಗೆ ಬೇಕಿದ್ದದ್ದು ಅಷ್ಟೇ.

ಆದರೆ ಕೈ ತಪ್ಪಿತು. ಅಲ್ಲಿಯವರು ಬಾರ್ಲಿಯ ಸಿಹಿನೀರನ್ನು ಕುದಿಸುವುದಿಲ್ಲ. ಹಾಪ್ಸ್ ಹೂವನ್ನು ಬೇರೆ ಪಾತ್ರೆಯಲ್ಲಿ ಕಷಾಯದಂತೆ ಬಹಳ ಹೊತ್ತು ಕುದಿಸಿ, ಆ ಕಹಿನೀರನ್ನು ಸೋಸಿ ಬೆರೆಸುತ್ತಾರೆ. ಹೇಗೂ ಒಂದು ಕಷಾಯ ಕುದಿಯುತ್ತಿದೆಯಲ್ಲ ಎಂದು ತೌರಾಸ್ ಡಬ್ಬಿಯ ಅರ್ಧವನ್ನು ಅದಕ್ಕೇ ಸುರಿದಿದ್ದ. ಹೂವಿನ ಜೊತೆ ಎಲೆಯೂ ಕುದಿದು ಕುದಿದು ಒಳಗಿನ ಒಗರನ್ನೆಲ್ಲ ಕಕ್ಕಿತು. ಬಿಯರು ಬಾಯಿಗಿಟ್ಟರೆ ನಾಲಗೆ ಅಂಗುಳಿಗೆ ಅಂಟುತ್ತಿತ್ತು. ಮಾವ ಬೋರಲು ಹಾಕಿದ ಬಿಯರು ಚೆನ್ನಾಗಿರಲಿಲ್ಲ, ಅದು ತೌರಾಸನಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು.

ಎಲ್ಲರೂ ಹೋದ ಮೇಲೆ ಪೀಪಾಯಿಯನ್ನು ಉರುಳಿಸಿಕೊಂಡು ಹೊರಗೆ ತಂದ. ಕೊಟ್ಟಿಗೆ ಹಿಂದೆ ಮುಟ್ಟಿದರೆ ಬೊಬ್ಬೆ ಏಳುವ ತುರಿಕೆ ಸೊಪ್ಪು ಬೆಳೆದ ಗುಂಡಿಗೆ ಒದ್ದು ಬೀಳಿಸಿ ಅಷ್ಟನ್ನೂ ಚೆಲ್ಲಿದ. ಕೊನೆಗೆ ತಳದ ಬೂದುಬಣ್ಣದ ಗಸಿಯೂ ಗಳಕ್ಕನೆ ಬಂತು. ಅದು ಬಿದ್ದ ಮೇಲೆ ತಾನೇನು ಮಾಡಿದೆ ಎಂದು ಹೊಳೆಯಿತು. ಆ ಗಸಿಯೇ ಹೆಪ್ಪು. ಮೊಸರಿಗೆ ಹೆಪ್ಪಿದ್ದ ಹಾಗೆ ಬಿಯರಿಗೆ ಅದು. ಪ್ರತಿಸಲ ತಳದಿಂದ ಬಳಿದು ಗಾಜಿನ ಜಾಡಿಗೆ ತುಂಬಿ ಬಾವಿಯಲ್ಲಿ ಇಳಿಬಿಟ್ಟು ಮುಂದಿನ ಸಲಕ್ಕೆ ಕಾಪಾಡಬೇಕು. ಅಜ್ಜನ ಕಾಲದಿಂದ ಮನೆಯಲ್ಲಿದ್ದ ಹೆಪ್ಪು ತುರಿಕೆ ಸೊಪ್ಪಿನ ಬೇರಿಗೆ ಹೋಯಿತು. ಮೊಣಕಾಲೂರಿ ಕೈಯಿಂದ ಬಳಿದು ನೋಡಿದ. ಬರೀ ಮಣ್ಣು ಬಂತು, ಕೈತುಂಬ ಬೊಬ್ಬೆ ಎದ್ದವು.

ಅದೇ ಹೆಪ್ಪು ಊರಿನಲ್ಲಿ ಇನ್ನೊಂದೇ ಮನೆಯಲ್ಲಿತ್ತು.

ಮಾರನೆಯ ದಿನ ಮಿಲ್ಲಿಗೆ ಹೋಗದೆ ಮಾವನ ಅಂಗಳಕ್ಕೆ ಹೋದ. ಸ್ತೆಫಾ ಅತ್ತೆ ಬಿದ್ದ ಸೇಬುಗಳನ್ನು ಬಕೆಟ್ಟಿಗೆ ಆಯುತ್ತಿದ್ದಳು. ಪೊವಿಲಾಸ್ ಗರಗಸಕ್ಕೆ ಅರ ಹಾಕುತ್ತ ಕೂತಿದ್ದ, ತಲೆ ಎತ್ತಲಿಲ್ಲ.

"ಸ್ತೆಫಾ, ಒಂದು ಕುರ್ಚಿ ಹಾಕೇ. ಕಷಾಯದ ಡಾಕ್ಟ್ರು ಬಂದಿದ್ದಾರೆ."

"ಹೆಪ್ಪು ಬೇಕಿತ್ತು ಮಾವ."

ಅರ ನಿಂತಿತು. "ನಿಂದೇನಾಯ್ತು?"

"ಚೆಲ್ಲಿದೆ."

"ಚೆಲ್ಲಿದ್ದು ಒಳ್ಳೇದೇ ಆಯ್ತು ಬಿಡು. ತಳದ್ದು ಎಲ್ಲಿ?"

"ತಳದ್ದೂ ಚೆಲ್ಲಿದೆ."

ಪೊವಿಲಾಸ್ ಗರಗಸವನ್ನು ಪಕ್ಕಕ್ಕಿಟ್ಟು ಎದ್ದು ನಿಂತ. "ಹೆಪ್ಪನ್ನೇ ಚೆಲ್ಲಿದ್ಯಾ? ಯುದ್ಧ ನಡೀತಿದ್ದಾಗ ನಮ್ಮಮ್ಮ ಅದನ್ನ ಬಟ್ಟೇಗೆ ಮೆತ್ತಿ ಒಣಗಿಸಿ ಸೊಂಟಕ್ಕೆ ಕಟ್ಕೊಂಡು ಉಳಿಸಿದ್ಲು ಕಣೋ. ನೀನು ಸಿಟ್ಟು ಬಂತು ಅಂತ ಗುಂಡಿಗೆ ಹಾಕ್ತೀಯ. ನಿನ್ನಂಥೋನಿಗೆ ಬೆಂಕಿಪೊಟ್ಟಣ ಕೊಡೋಕೂ ಯೋಚ್ನೆ ಮಾಡ್ಬೇಕು."

"ಕೊಡೋಕಾಗಲ್ಲ ಅಂದ್ರೆ ಹೇಳಿ."

ಕೊಡುವುದಿಲ್ಲ ಎನ್ನುವಂತಿರಲಿಲ್ಲ. ಜನ್ಮದ ವೈರಿ ಬಂದು ಕೇಳಿದರೂ ಹೆಪ್ಪಿಗೆ ಇಲ್ಲ ಎನ್ನಬಾರದು, ಅಂದವನ ಮನೆಯ ಬಿಯರು ಏಳುವುದಿಲ್ಲ. ಇಸಿದುಕೊಂಡವನೂ ಉಪಕಾರವಾಯಿತು ಎಂದು ಬಾಯಿಬಿಡಬಾರದು, ಬಿಟ್ಟರೆ ಹೆಪ್ಪು ಸಾಯುತ್ತದೆ. ಕೇಳುವುದು, ಕೊಡುವುದು, ತಿರುಗಿ ನಡೆಯುವುದು. ಊರು ನಡೆಸಿಕೊಂಡು ಬಂದದ್ದು ಹೀಗೇ.

ಪೊವಿಲಾಸ್ ಬಾವಿಯಿಂದ ಜಾಡಿಯನ್ನು ಎಳೆದು, ಅರ್ಧವನ್ನು ಇನ್ನೊಂದಕ್ಕೆ ಬಗ್ಗಿಸಿ ಕೊಟ್ಟ. ಜಾಡಿಯನ್ನು ತಕ್ಷಣ ಕೈಬಿಡಲಿಲ್ಲ.

"ಶುದ್ಧವಾಗಿ ಮಾಡು. ಚಾ ಗೀ ಹಾಕಿದೆ ಅಂತ ಮೂಗಿಗೆ ಬಡೀತೋ, ಬಾಗಿಲಿಂದ್ಲೇ ವಾಪಸ್ ಹೋಗ್ತೀನಿ. ಅವಳ ಊಟದ ದಿನ ನನ್ನ ಕೈಲಿ ಹಂಗೆ ಮಾಡಿಸ್ಬೇಡ."

ತೌರಾಸ್ ಜಾಡಿ ಎಳೆದುಕೊಂಡು ತಿರುಗಿದ. ಸ್ತೆಫಾ ಅತ್ತೆ ಬಕೆಟ್ಟು ಹಿಡಿದೇ ಬೇಲಿಯ ತನಕ ಹಿಂದೆ ಬಂದಳು.

"ಏಯ್ ಮಗಾ, ನಿಮ್ಮಾವನ ಮಾತು ಮನಸ್ಸಿಗೆ ಹಚ್ಕೋಬೇಡ. ಅವಳು ಆಸ್ಪತ್ರೇಲಿದ್ದಾಗ ಎಷ್ಟು ಸಲ ಕೋಟು ಹಾಕ್ಕೊಂಡ್ರು ಗೊತ್ತಾ? ಈ ಗೇಟಿನ ತನಕ ಬರೋರು. ಹಿಂಗೇ ನಿಲ್ಲೋರು. ಆಮೇಲೆ ಒಳಗೋಗಿ ಕೋಟು ಬಿಚ್ಚೋರು."

"ಅಮ್ಮ ಇದ್ದದ್ದು ಈ ಗೇಟಲ್ಲಿ ಅಲ್ಲ ಅತ್ತೆ."

ಅತ್ತೆ ಒಂದು ಸೇಬು ತೆಗೆದು ಅವನ ಜೇಬಿಗೆ ತುರುಕಿದಳು.

ಪೊವಿಲಾಸ್ ಆಸ್ಪತ್ರೆಗೆ ಒಂದು ಸಲವೂ ಬಂದಿರಲಿಲ್ಲ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಚಮಚದ ವಿಷಯ ಅವನಿಗೆ ಯಾರೋ ಹೇಳಿ ಗೊತ್ತಾಗಿದ್ದಷ್ಟೇ. ನೋಡಿರದ ಚಮಚವನ್ನು ಹತ್ತು ಜನರ ಮುಂದೆ ಎತ್ತಿ ಆಡಿದನಲ್ಲ ಎಂದು ತೌರಾಸ್ ದಾರಿಯುದ್ದಕ್ಕೂ ಹಲ್ಲು ಕಡಿದ.

ಆ ವಾರದಲ್ಲೇ ಮತ್ತೆ ಒಲೆ ಹೊತ್ತಿಸಿದ. ಮೊಳಕೆ ಬರಿಸಿ ಬೀಸಿದ ಬಾರ್ಲಿಯ ಹಿಟ್ಟನ್ನು ಬಿಸಿನೀರಲ್ಲಿ ನೆನೆಸಿ, ಹುಲ್ಲು ಹಾಸಿದ ಮರದ ತೊಟ್ಟಿಯಲ್ಲಿ ಸೋಸಲು ಬಿಟ್ಟು, ಜೇನಿನ ಬಣ್ಣದ ನೀರು ಸಣ್ಣಗೆ ಹರಿದು ಬರುವುದನ್ನು ನೋಡುತ್ತ ಕೂತ. ಹೂವಿನ ಕಷಾಯ ಪಕ್ಕದಲ್ಲಿ ಕುದಿಯುತ್ತಿತ್ತು. ಡಬ್ಬಿ ಕಿಟಕಿಯ ಮೇಲಿತ್ತು. ಈ ಸಲ ಅದನ್ನು ಮುಟ್ಟಲಿಲ್ಲ. ಕಹಿನೀರು ಬೆರೆಸಿ, ಆರಿಸಿ, ಮಾವನ ಹೆಪ್ಪು ಹಾಕಿದ. ಬೆಳಗಾಗುವಷ್ಟರಲ್ಲಿ ನೊರೆ ತೊಟ್ಟಿಯ ಅಂಚು ದಾಟಿತ್ತು. ಸೊಕ್ಕಿನ ಹೆಪ್ಪು, ಕೊಟ್ಟವನ ಹಾಗೇ.

ನೊರೆ ಇಳಿದ ಮೇಲೆ ಪೀಪಾಯಿಗೆ ತುಂಬಿ ನೆಲಮಾಳಿಗೆಗೆ ಇಳಿಸಿದ. ರುಚಿ ನೋಡಿದ. ಒಳ್ಳೆಯ ಬಿಯರು. ಯಾರೂ ಬೋರಲು ಹಾಕಲಾರದ ಬಿಯರು. ಇದನ್ನೇ ಮೇಜಿನ ಮೇಲಿಟ್ಟರೆ ಮಾವ ಬರುತ್ತಾನೆ, ಕುಡಿಯುತ್ತಾನೆ, ನಮ್ಮಪ್ಪನ ಬಿಯರು ಅಂತಾನೆ, ಊಟ ಸಾಂಗವಾಗುತ್ತದೆ. ಅಮ್ಮ ಮಾತ್ರ ಅದರಲ್ಲಿ ಇರುವುದಿಲ್ಲ. ಬದುಕಿದ್ದಾಗ ಕೊಟ್ಟಿಗೆಯ ಹೊರಗಿದ್ದವಳು, ಸತ್ತ ಮೇಲೆ ತನ್ನ ಊಟದ ದಿನವೂ ಹೊರಗೇ. ಹಾಗಂತ ಚಾ ಹಾಕಿ ಕೆಟ್ಟರೆ? ಡಬ್ಬಿಯಲ್ಲಿ ಇನ್ನೊಂದು ಸಲಕ್ಕಾಗುವಷ್ಟೇ ಇತ್ತು. ಪೊವಿಲಾಸ್ ಬಾಗಿಲಿಂದ ಹಿಂದಿರುಗಿದರೆ ಎಲ್ವಿರಾಳ ವರ್ಷದ ಊಟ ಹಾಳಾಯಿತು ಎಂದು ಊರು ಹತ್ತು ವರ್ಷ ಆಡಿಕೊಳ್ಳುತ್ತದೆ.

ತಣ್ಣಗಿನ ಆ ಮೆಟ್ಟಿಲ ಮೇಲೆ ಕೂತವನಿಗೆ ಚಮಚದ ಮಾತು ಮತ್ತೆ ಕಿವಿಯಲ್ಲಿ ಕುಟುಕಿತು. ಸಾಯೋರ ಬಾಯಿಗೆ ಬಿಟ್ಟಿದ್ದನ್ನ. ಆಗ ಅವನಿಗೆ ಆ ಚಮಚವೇ ಕಣ್ಣಿಗೆ ಬಂತು, ಅದರೊಳಗಿನ ಚಾ ಕೂಡ.

ವಾರ್ಡಿನಲ್ಲಿ ಕೆಟಲು ಇಡಲು ಬಿಡುತ್ತಿರಲಿಲ್ಲ. ಅಮ್ಮನಿಗೆ ಅನ್ನ ನೀರು ಇಳಿಯದಾದಾಗ, ಮನೆ ಚಾ ಬೇಕು ಎಂದು ತುಟಿಯಲ್ಲೇ ಕೇಳಿದ್ದಳು. ತೌರಾಸ್ ಒಂದು ಗಾಜಿನ ಜಾಡಿಗೆ ನಲ್ಲಿಯ ತಣ್ಣೀರು ಹಿಡಿದು, ಒಂದು ಹಿಡಿ ಎಲೆ ಹಾಕಿ ಕಿಟಕಿಯ ಹೊರಗಟ್ಟೆಯ ಮೇಲಿಟ್ಟಿದ್ದ, ಬೇರೆ ದಾರಿ ಇಲ್ಲದೆ. ಮಾರನೆಯ ಬೆಳಗ್ಗೆ ಅದು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಚಮಚದಲ್ಲಿ ಎತ್ತಿ ತುಟಿಗೆ ಹಿಡಿದ. ಕೊರಳು ಸಣ್ಣಗೆ ಅಲುಗಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಒಗರೇ ಇಲ್ವಲ್ಲೋ. ಇಷ್ಟು ವರ್ಷ ಬಿಸಿನೀರು ಹಾಕಿ ಹಾಕಿ ಕೆಡಿಸ್ತಿದ್ನೇನೋ," ಅಂದಿದ್ದಳು. ಆಮೇಲೆ, "ನಮ್ಮ ಹಿತ್ತಲ ವಾಸನೆ ಹಂಗೇ ಇದೆ."

ಉಳಿದ ದಿನಗಳಲ್ಲಿ ಅವಳ ಗಂಟಲಿಗೆ ಇಳಿದದ್ದು ಅದೊಂದೇ.

ತೌರಾಸ್ ಮೇಲೆ ಹೋಗಿ ಡಬ್ಬಿ ತಂದ. ಅಮ್ಮನ ಲಿನನ್ ತಲೆವಸ್ತ್ರವೊಂದನ್ನು ಕುದಿಸಿ ಹಿಂಡಿ, ಉಳಿದಿದ್ದ ಅಷ್ಟೂ ಚಾವನ್ನು ಅದರಲ್ಲಿ ಗಂಟು ಕಟ್ಟಿದ. ತೊಳೆದ ಕಲ್ಲೊಂದನ್ನು ಭಾರಕ್ಕೆ ಸೇರಿಸಿ, ಪೀಪಾಯಿಯ ಬಾಯಿಯಿಂದ ಮೆಲ್ಲಗೆ ಒಳಗೆ ಇಳಿಬಿಟ್ಟ. ಡಬ್ಬಿಯ ತಳವನ್ನು ಬೆರಳಲ್ಲಿ ಬಳಿದು ಆ ಪುಡಿಯನ್ನೂ ಉದುರಿಸಿದ. ಬೆಂಕಿಯಿಲ್ಲ, ಕುದಿಯಿಲ್ಲ. ಮುಚ್ಚಿ ಹೊರಬಂದ. ಖಾಲಿ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಅದರ ಜಾಗದಲ್ಲೇ ಇಟ್ಟ.

ವರ್ಷ ತುಂಬಿದ ದಿನ ಮಂಜು ಬಿದ್ದಿತ್ತು. ಚರ್ಚಿನಲ್ಲಿ ಪಾದ್ರಿ ಎಲ್ವಿರಾಳ ಹೆಸರನ್ನು ಇನ್ನೂ ಬೇರೆ ಹೆಸರುಗಳ ನಡುವೆ ಓದಿದ. ಸಮಾಧಿಯ ಮೇಲೆ ದೀಪ ಹಚ್ಚುವಾಗ ಪೊವಿಲಾಸ್ ಎಲ್ಲರಿಗಿಂತ ಹಿಂದೆ ನಿಂತಿದ್ದ, ಟೋಪಿ ಕೈಯಲ್ಲಿತ್ತು. ಮನೆಗೆ ಬರುವಾಗ ದಾರಿಯಲ್ಲಿ ತನ್ನ ಮನೆಗೆ ಹೋಗಿ ಬಂದ. ಒಳಗೆ ಕಾಲಿಟ್ಟಾಗ ಅವನ ಕಂಕುಳಲ್ಲಿ ತಾನೇ ಮಾಡಿದ ಬಿಯರಿನ ಮಣ್ಣಿನ ಹೂಜಿ ಇತ್ತು. ಅದನ್ನು ಮೇಜಿನ ನಡುವೆ, ಕಪ್ಪು ಬ್ರೆಡ್ಡಿನ ಪಕ್ಕ, ಎಲ್ಲರಿಗೂ ಕಾಣುವಂತೆ ಕುಕ್ಕಿದ.

"ಯಾವುದಕ್ಕೂ ಇರ್ಲಿ ಅಂತ," ಎಂದ.

"ನೋಡಪ್ಪ, ಮದುವೆ ಮನೆಗೆ ಬುತ್ತಿ ಕಟ್ಕೊಂಡು ಬಂದಂಗೆ," ಎಂದ ಕಜೀಸ್. ಅವನ ಹೆಂಡತಿ ಮೊಣಕೈಯಲ್ಲಿ ತಿವಿದಳು.

ಬಟಾಣಿ, ಹುರಿದ ಕೊಬ್ಬು, ಜೀರಿಗೆಯ ಗಿಣ್ಣು, ಬೀಟ್‌ರೂಟಿನ ಜೊತೆ ಮೀನು, ಎಲ್ಲವೂ ಮೇಜಿನ ಮೇಲೆ ಆರುತ್ತಿತ್ತು. ಯಾರೂ ಮುಟ್ಟಲಿಲ್ಲ. ತೌರಾಸ್ ನೆಲಮಾಳಿಗೆಯಿಂದ ತುಂಬಿದ ಮರದ ಲೋಟ ತಂದ. ಊಟ ಹಾಕುವ ಮನೆಯ ಯಜಮಾನನಾಗಿ ತಾನೇ ನಾಲ್ಕು ಹನಿ ನೆಲಕ್ಕೆ ಬಿಟ್ಟ. ಒಂದು ಗುಟುಕು ಕುಡಿದ. ಆಮೇಲೆ ಸತ್ತವಳ ಹೆಸರು ಹೇಳಿ ಲೋಟವನ್ನು ಮುಂದೆ ಚಾಚಿದ.

"ಎಲ್ವಿರಾಗೆ. ಮಾವ, ನಿಮಗೆ."

ಸತ್ತವರ ಹೆಸರು ಹೇಳಿ ಕೊಟ್ಟ ಲೋಟವನ್ನು ಬೇಡವೆನ್ನುವ ಹಾಗಿಲ್ಲ. ಪೊವಿಲಾಸ್ ಎರಡೂ ಕೈಯಲ್ಲಿ ತೆಗೆದುಕೊಂಡ. ಮೂಗಿನ ಹತ್ತಿರ ತಂದ. ಅವನ ಹುಬ್ಬು ಗಂಟಾದದ್ದನ್ನು ಇಡೀ ಮೇಜು ನೋಡಿತು. ಸ್ತೆಫಾ ಅತ್ತೆ ಗಂಡನ ಕೋಟಿನ ತುದಿ ಹಿಡಿದುಕೊಂಡಳು. ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು.

ಒಂದು ಗುಟುಕು ಕುಡಿದ.

ಪಕ್ಕದವನ ಹೆಸರು ಹಿಡಿದು ಲೋಟ ದಾಟಿಸಬೇಕಿತ್ತು. ದಾಟಿಸಲಿಲ್ಲ. ಇನ್ನೊಂದು ಗುಟುಕು ಕುಡಿದ. ಬಾಯಲ್ಲಿ ಇಟ್ಟುಕೊಂಡೇ ಇದ್ದ, ನುಂಗಲು ಮರೆತವನ ಹಾಗೆ. ಬೆಂದ ಬಾರ್ಲಿಯ ಸಿಹಿ ಮೊದಲು, ಹೂವಿನ ಕಹಿ ಆಮೇಲೆ. ಎಲ್ಲ ಇಳಿದ ಮೇಲೆ ಗಂಟಲ ಹಿಂಭಾಗದಲ್ಲಿ ಒಣ ಹಣ್ಣಿನ, ಒಲೆ ಹಬೆಯ, ಬೇಸಿಗೆಯ ಹಿತ್ತಲ ವಾಸನೆ. ಅಣ್ಣ ತಂಗಿ ಇಬ್ಬರೂ ಚಿಕ್ಕವರಾಗಿ ಆ ಗಿಡ ಕೊಯ್ಯಲು ಸುಟ್ಟ ಕಾಡಿಗೆ ಹೋಗುತ್ತಿದ್ದವರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು.

"ಲೋ ಪೊವಿಲಾಸ್, ನಮಗೂ ಒಂಚೂರು ಬಿಡೋ ಮಾರಾಯ," ಎಂದ ಕಜೀಸ್, ಮೆಲ್ಲಗೆ.

ಪೊವಿಲಾಸ್ ಕೇಳಿಸಿಕೊಳ್ಳಲಿಲ್ಲ. ಲೋಟ ಎತ್ತಿ ತಳದ ತನಕ ಕುಡಿದ. ಸುತ್ತು ಹೋಗಬೇಕಾದ ಲೋಟವನ್ನು ಒಬ್ಬನೇ ಬರಿದು ಮಾಡಿದ. ಅದೂ ಆ ಊರಿನಲ್ಲಿ ಯಾರೂ ಕಂಡಿರದ ಕೆಲಸವೇ. ಖಾಲಿ ಲೋಟವನ್ನು ಎದೆಗೊತ್ತಿ ಹಿಡಿದುಕೊಂಡ. ಕಣ್ಣು ತೌರಾಸನ ಮುಖದ ಮೇಲಿತ್ತು.

"ಇದನ್ನೇ ಕೊಡ್ತಿದ್ಯೇನೋ ಅವಳಿಗೆ? ಚಮಚದಲ್ಲಿ?"

ಪೊವಿಲಾಸ್ ಒಂದು ಹೆಜ್ಜೆ ಮುಂದೆ ಬಂದ.

"ನೆಮ್ಮದಿಯಾಗಿ ಕುಡೀತಿದ್ಲಾ? ಹೇಳೋ. ಏನಾದ್ರೂ ಅಂದ್ಲಾ? ನನ್ನ ಕೇಳಿದ್ಲಾ?"

ಕೇಳಿದ್ದಳು. ಕೊನೆಯ ದಿನದ ತನಕವೂ ಬಾಗಿಲ ಕಡೆಗೆ ಮುಖ ಮಾಡಿಯೇ ಮಲಗಿದ್ದಳು. ಪೊವಿಲ್ಯುಕ ಬಂದ್ನಾ ಎಂದು, ಚಿಕ್ಕಂದಿನಲ್ಲಿ ಅಣ್ಣನನ್ನು ಕರೆಯುತ್ತಿದ್ದ ಹೆಸರಲ್ಲೇ. ಬಸ್ಸು ತಪ್ಪಿರಬೇಕಮ್ಮ ಎಂದು ತೌರಾಸ್ ದಿನಾ ಸುಳ್ಳು ಹೇಳಿ ಚಮಚ ಎತ್ತುತ್ತಿದ್ದ. ವರ್ಷದಿಂದ ಆ ಮಾತು ಅವನ ನಾಲಗೆಯ ಮೇಲೇ ಕೂತಿತ್ತು, ಇಂಥದ್ದೊಂದು ದಿನ, ಹತ್ತು ಜನರ ಮುಂದೆ, ಮಾವನ ಮುಖಕ್ಕೆ ಹೊಡೆಯಲೆಂದೇ. ಈಗ ಅದನ್ನು ಕೇಳಬೇಕಾದವನೇ ಎದುರಿಗೆ ನಿಂತು ಕೇಳುತ್ತಿದ್ದ. ಹೌದೆಂದರೆ ಹೊಡೆತ, ಇಲ್ಲವೆಂದರೆ ಇನ್ನೊಂದು ಸುಳ್ಳು, ತೌರಾಸನಿಗೆ ಎರಡೂ ಬೇಡವಾಯಿತು.

ತೌರಾಸ್ ಮಾವನ ಬೆರಳುಗಳನ್ನು ಬಿಡಿಸಿ ಲೋಟ ತೆಗೆದುಕೊಂಡ. ನೆಲಮಾಳಿಗೆಗೆ ಇಳಿದು ತುಂಬಿಸಿಕೊಂಡು ಬಂದ. ಕಜೀಸನ ಕೈಗೆ ಕೊಟ್ಟು, ಅವನ ಹೆಸರು ಹೇಳಿದ. ಲೋಟ ದಾಟಿತು. ಮೇಜಿನ ನಡುವೆ ಮಾವನ ಹೂಜಿ ಬಿರಡೆ ತೆಗೆಯದೆ ಹಾಗೇ ಇತ್ತು.

"ತೌರಾಸ್," ಎಂದ ಪೊವಿಲಾಸ್. "ಏ ತೌರಾಸ್. ಒಂದು ಮಾತು ಹೇಳೋ."

ತೌರಾಸ್ ಮೊಳೆಗೆ ತೂಗಿದ್ದ ಕೋಟು ತೆಗೆದುಕೊಂಡ. ಬಾಗಿಲು ತೆರೆದು ಹೊರಗೆ ಬಂದ. ಕೊಟ್ಟಿಗೆ ಹಿಂದಿನ ಗುಂಡಿಯ ಪಕ್ಕದಿಂದ, ತುರಿಕೆ ಸೊಪ್ಪು ದಾಟಿ, ಮಂಜು ಕೂತ ಬಾರ್ಲಿ ಕೂಳೆಯ ಹೊಲಕ್ಕೆ ಇಳಿದ. ಹಿಂದಿನಿಂದ ಬಾಗಿಲು ಮತ್ತೆ ತೆರೆದ ಸದ್ದಾಯಿತು. ಯಾರೋ ಹೆಸರು ಹಿಡಿದು ಕರೆಯುತ್ತಿದ್ದರು. ಅವನು ನಡೆಯುತ್ತಲೇ ಹೋದ.